ಮಾಂಟ್ರಿಯಲ್ ಚಳಿಗಾಲಕ್ಕೆ ಹಿಂಚಕ್ರ ಚಾಲನೆಯ ಮಿಯಾಟ: ಇಟ್ಟುಕೊಳ್ಳಲೇ, ಮಾರಲೇ?

ಗೋಳಗುಮ್ಮಟ_17

ಎಲ್ಲರಿಗೂ ನಮಸ್ಕಾರ. ಕಳೆದ ಮೇ ತಿಂಗಳಲ್ಲಿ ಟೊರೊಂಟೊ ಪಕ್ಕದ ಮಿಸಿಸಾಗದಲ್ಲಿ 2017ರ ಮಾಜ್ದಾ ಎಂಎಕ್ಸ್-5 ಕೊಂಡೆ, ಇಲ್ಲಿ ಮಿಯಾಟ ಎಂದು ಕರೆಯುವ ಪುಟ್ಟ ಕಾರು. ಎಂಜಿನ್ ತಿರುಗಿಸುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಆರು ಗೇರಿನ ಮ್ಯಾನುಯಲ್, ಬಟ್ಟೆಯ ಛಾವಣಿ, 17 ಇಂಚಿನ ಚಕ್ರ. ವಿಜಯಪುರದಲ್ಲಿ ಹೈಸ್ಕೂಲು ಓದುವಾಗ ಇದರ ಹಳೆಯ ಮಾದರಿಯ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ.

ಈಗ ಮಾಂಟ್ರಿಯಲ್‌ಗೆ ವರ್ಗವಾಗಿದೆ. ನವೆಂಬರ್ ಮೊದಲ ವಾರ ಹೊರಡಬೇಕು. ಮನೆ ಸಿಕ್ಕಿರುವುದು ಕೋಟ್-ದೆ-ನೇಜ್ ಬಡಾವಣೆಯಲ್ಲಿ. ಗ್ಯಾರೇಜ್ ಇಲ್ಲ, ಬೀದಿಯಲ್ಲೇ ನಿಲ್ಲಿಸಬೇಕು. ಹಿಮದ ಮೇಲೆ ನಾನು ಇದುವರೆಗೆ ಒಂದು ಮೀಟರೂ ಕಾರು ಓಡಿಸಿಲ್ಲ. ಸಹೋದ್ಯೋಗಿಗಳೆಲ್ಲ ಇದನ್ನು ಮಾರಿ ನಾಲ್ಕೂ ಚಕ್ರ ಎಳೆಯುವ ಕಾರು ತೆಗೆದುಕೊಳ್ಳಲು ಹೇಳುತ್ತಿದ್ದಾರೆ. ಡಿಕ್ಕಿಯಲ್ಲಿ ಎರಡು ಮರಳು ಚೀಲ ಇಟ್ಟುಕೊಂಡರೆ ಸಾಕು ಎನ್ನುವವರೂ ಇದ್ದಾರೆ. ಓಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಕೊಪ್ಪದ_ಹುಡುಗಿ

ಮಾರಬೇಡಿ. ಇದೇ ಕಾರನ್ನು ನಿಮ್ಮ ಬಡಾವಣೆಯ ಪಕ್ಕದಲ್ಲೇ ಏಳು ಚಳಿಗಾಲ ಓಡಿಸಿದ್ದೇನೆ. ಒಂದೆರಡು ವಿಷಯ ಒಪ್ಪಿಕೊಂಡರೆ ನೀವೂ ಓಡಿಸಬಹುದು.

ಮೊದಲು ಟೈರು. ಮಾಂಟ್ರಿಯಲ್ ಇರುವ ಕ್ಯುಬೆಕ್ ಪ್ರಾಂತ್ಯದಲ್ಲಿ ನೋಂದಾಯಿಸಿದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇರಬೇಕು. ಇಲ್ಲದಿದ್ದರೆ ದಂಡ 200 ಡಾಲರಿನಿಂದ ಶುರು. ಕಾನೂನು ಇಲ್ಲದಿದ್ದರೂ ನಾನು ಹಾಕಿಸುತ್ತಿದ್ದೆ. ನಾಲ್ಕೂ ಚಕ್ರ ಎಳೆಯುವ ಕಾರು ಹೊರಡುವಾಗ ಚೆನ್ನಾಗಿ ಹೊರಡುತ್ತದೆ, ನಿಜ. ಆದರೆ ಕೆಂಪು ದೀಪದ ಮುಂದೆ ನಿಲ್ಲುವಾಗ ಅದಕ್ಕೂ ನಮಗೂ ಇರುವುದು ನಾಲ್ಕೇ ಟೈರು, ನಾಲ್ಕೇ ಬ್ರೇಕು. ಬೇಸಿಗೆಯ ಟೈರಿನಲ್ಲೇ ಹೊರಟ ದೊಡ್ಡ ಕಾರುಗಳು ಮೊದಲ ಹಿಮದ ದಿನ ಚರಂಡಿಯ ಅಂಚಿನಲ್ಲಿ ಕೂತಿರುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಮರಳು ಚೀಲದ ಮಾತು ಸುಳ್ಳಲ್ಲ, ಆದರೆ ಬೇರೆ ಕಾರಿಗೆ ಸೇರಿದ್ದು. ನಮ್ಮಪ್ಪ ಅಂಬಾಸಿಡರ್‌ನಲ್ಲಿ ಮಳೆಗಾಲದ ಕೆಸರು ಹತ್ತಿಸುವಾಗ ಡಿಕ್ಕಿಗೆ ಅಡಿಕೆ ಮೂಟೆ ಹೇರುತ್ತಿದ್ದರು. ಆ ಕಾರಿನ ಭಾರವೆಲ್ಲ ಮೂತಿಯಲ್ಲಿ, ಹಿಂದೆ ಹಗುರ. ಹಾಗಾಗಿ ಮೂಟೆ ಕೆಲಸ ಮಾಡುತ್ತಿತ್ತು. ಮಿಯಾಟದಲ್ಲಿ ಭಾರ ಹಿಂದೆ ಮುಂದೆ ಹೆಚ್ಚು ಕಡಿಮೆ ಸಮ. ಡಿಕ್ಕಿ ಇರುವುದು ಹಿಂದಿನ ಆಕ್ಸಲ್ಲಿಗಿಂತ ಹಿಂದೆ. ಅಲ್ಲಿ ಭಾರ ಹೇರಿದರೆ, ಬಾಲ ಒಮ್ಮೆ ಬೀಸಲು ಶುರುವಾದ ಮೇಲೆ ತಡೆಯುವುದು ಇನ್ನೂ ಕಷ್ಟ. ಆ ಜಾಗದಲ್ಲಿ ಸಲಿಕೆ, ಕಂಬಳಿ, ಟೈರಿನಡಿ ಎರಚಲು ಸ್ವಲ್ಪ ಮರಳು ಇಟ್ಟುಕೊಳ್ಳಿ, ಸಾಕು.

ಈಗ ನನ್ನ ತಪ್ಪನ್ನು ಹೇಳುತ್ತೇನೆ, ನೀವು ಮಾಡಬಾರದು ಎಂದು. ಮೊದಲ ಚಳಿಗಾಲದ ಜನವರಿ, ರಾತ್ರಿ ಒಂಬತ್ತರ ಹೊತ್ತು. ಕೋಟ್-ದೆ-ನೇಜ್ ರಸ್ತೆಯಲ್ಲಿ ಗುಡ್ಡ ಇಳಿದು ಪೇಟೆಯ ಕಡೆ ಹೋಗುತ್ತಿದ್ದೆ. (ಆ ಹೆಸರಿಗೆ ಹಿಮದ ಇಳಿಜಾರು ಎಂದೇ ಅರ್ಥ.) ಘಟ್ಟದಲ್ಲಿ ಮಾಡುವಂತೆ ಮೂರರಿಂದ ಎರಡನೇ ಗೇರಿಗೆ ಇಳಿಸಿ ಕ್ಲಚ್ಚನ್ನು ತಟ್ಟನೆ ಬಿಟ್ಟೆ. ಎಂಜಿನ್ ಹಿಂದಿನ ಎರಡೂ ಚಕ್ರಗಳನ್ನು ಹಿಡಿದುಬಿಟ್ಟಿತು. ಸದ್ದೇನೂ ಆಗಲಿಲ್ಲ. ಸೀಟಿನ ಕೆಳಗಿನಿಂದ ಯಾರೋ ಸೊಂಟವನ್ನು ಎಡಕ್ಕೆ ಎಳೆದ ಹಾಗಾಯಿತು. ಮುಂದಿನ ಗಾಜಿನಲ್ಲಿ ರಸ್ತೆ ಹೋಗಿ ಬಲಬದಿಯಲ್ಲಿ ನಿಂತ ಕಾರುಗಳ ಸಾಲು ಬಂತು. ಕ್ಲಚ್ ಒತ್ತಿದೆ, ಬಾಲ ಹೋದ ಕಡೆಗೇ ಸ್ಟೇರಿಂಗ್ ತಿರುಗಿಸಿದೆ, ಕಣ್ಣನ್ನು ಆ ಕಾರುಗಳಿಂದ ಕಿತ್ತು ರಸ್ತೆಯ ಮೇಲೆ ಇಟ್ಟೆ. ಕಾರು ನೆಟ್ಟಗಾಯಿತು. ಮುಂದಿನ ತಿರುವಿನಲ್ಲಿ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕೂತಿದ್ದೆ, ಕೈ ನಡುಗುವುದು ನಿಲ್ಲುವವರೆಗೆ.

ಆಮೇಲೆ ಕಲಿತದ್ದು: ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಎಂಜಿನ್ನಿನ ವೇಗ ಹೊಂದಿಸಿ ಕ್ಲಚ್ಚನ್ನು ನಿಧಾನ ಬಿಡಬೇಕು. ನಿಂತಲ್ಲಿಂದ ಎರಡನೇ ಗೇರಿನಲ್ಲಿ ಹೊರಡಬೇಕು. ಜಾರುವಿಕೆ ತಡೆಯುವ ಗುಂಡಿಯನ್ನು ಯಾವಾಗಲೂ ಚಾಲೂ ಇಡಿ. ಹಿಮದಲ್ಲಿ ಹೂತುಕೊಂಡು ಹಿಂದೆ ಮುಂದೆ ತೂಗಿ ಬಿಡಿಸಿಕೊಳ್ಳುವಾಗ ಮಾತ್ರ ಆರಿಸಿ.

ಟೈರ್_ಕೆಲಸದವನು

ಮಾಂಟ್ರಿಯಲ್ ಪಕ್ಕದ ಲಾವಾಲ್‌ನಲ್ಲಿ ನಾಲ್ಕು ವರ್ಷ ಟೈರ್ ಅಂಗಡಿಯಲ್ಲಿ ದುಡಿದಿದ್ದೇನೆ. ಅಕ್ಕ ಹೇಳಿದ್ದು ಸರಿ, ಸ್ವಲ್ಪ ಸೇರಿಸುತ್ತೇನೆ. ಬೇಸಿಗೆಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿಯಿಂದ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಹಿಮ ಬೀಳುವವರೆಗೆ ಕಾಯಬೇಡಿ. ನವೆಂಬರ್ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ, ಸರದಿ ಸಿಗುವುದಿಲ್ಲ.

ನಿಮ್ಮ 17 ಇಂಚಿನ 205/45 ಬದಲು 16 ಇಂಚಿನ ರಿಮ್ಮಿಗೆ 195/50 ಹಾಕಿಸಿ (ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ; ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಲೆಕ್ಕದಲ್ಲಿ). ಕಿರಿದಾದ ಟೈರು ಸಡಿಲ ಹಿಮವನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ, ಪಕ್ಕದ ಗೋಡೆ ಎತ್ತರ ಇರುವುದರಿಂದ ಮಾರ್ಚ್ ತಿಂಗಳ ಗುಂಡಿಗಳಲ್ಲಿ ರಿಮ್ ಉಳಿಯುತ್ತದೆ. ದೊಡ್ಡ ಬ್ರೇಕ್ ಇರುವ ಮಾದರಿಯಾದರೆ 16 ಇಂಚು ಕೂರುತ್ತದೆಯೇ ಎಂದು ಮೊದಲು ನೋಡಿಸಿ. ಹಿಂದೆ ಎರಡೇ ಹಾಕಿಸುತ್ತೇನೆ ಎಂದು ಬಂದವರನ್ನು ನಾನು ವಾಪಸು ಕಳಿಸುತ್ತಿದ್ದೆ. ಮುಂದಿನ ಚಕ್ರ ತಿರುಗದಿದ್ದರೆ ಹಿಂದಿನದು ಹಿಡಿದು ಏನು ಉಪಯೋಗ?

ಗಾಳಿಯನ್ನು ಚಳಿಯಲ್ಲೇ ನೋಡಿ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಕಡಿಮೆಯಾಗುತ್ತದೆ.

ಮೆಟ್ರೋ_ಪಾಸ್

ನನ್ನ ಅಭಿಪ್ರಾಯ ಬೇರೆ. ಮೂರು ಚಳಿಗಾಲ ಓಡಿಸಿ ನಾನು ಮಾರಿದೆ. ಜಾರಿದ್ದಕ್ಕಲ್ಲ, ಉಪ್ಪಿಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ರಸ್ತೆಯ ಉಪ್ಪುನೀರು ಕಾರಿನ ಅಡಿಗೆ ಬಡಿಯುತ್ತಲೇ ಇರುತ್ತದೆ. ಮೂರನೇ ವರ್ಷ ಕಾರನ್ನು ಮೇಲೆತ್ತಿದಾಗ ಹಿಂದಿನ ಸಬ್‌ಫ್ರೇಮಿನ (ಹಿಂದಿನ ಚಕ್ರಗಳನ್ನು ಹೊರುವ ಚೌಕಟ್ಟಿನ) ಬೆಸುಗೆಯ ಉದ್ದಕ್ಕೂ ತುಕ್ಕು ಹಪ್ಪಳದಂತೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಉದುರುತ್ತಿತ್ತು. ಅಷ್ಟು ಪ್ರೀತಿಯ ಕಾರನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ. ಮಾಂಟ್ರಿಯಲ್‌ನಲ್ಲಿ ಮೆಟ್ರೋ ಚೆನ್ನಾಗಿದೆ. ಚಳಿಗಾಲ ಕಾರನ್ನು ಎಲ್ಲಾದರೂ ಒಳಗೆ ಇಡಿ.

ಕೊಪ್ಪದ_ಹುಡುಗಿ

ಉಪ್ಪಿನ ವಿಷಯದಲ್ಲಿ ನಿಮಗೆ ಎದುರು ಮಾತಿಲ್ಲ. ನಾನು ಪ್ರತಿ ಅಕ್ಟೋಬರಿನಲ್ಲಿ ಅಡಿಗೆ ತುಕ್ಕು ತಡೆಯುವ ಎಣ್ಣೆ ಹೊಡೆಸುತ್ತೇನೆ, ಬಿಸಿಲು ಬಂದ ದಿನ ಅಡಿ ತೊಳೆಸುತ್ತೇನೆ. ಆದರೂ ತುಕ್ಕು ಬರುತ್ತದೆ, ನಿಧಾನವಾಗಿ ಬರುತ್ತದೆ ಅಷ್ಟೆ.

ಪ್ರಶ್ನೆ ಕೇಳಿದವರಿಗೆ ಇನ್ನೆರಡು ಮಾತು. ಈ ಕಾರು ಸೋಲುವುದು ಹೊಟ್ಟೆಯಿಂದ. ನೆಲದಿಂದ ಸುಮಾರು 13 ಸೆಂಟಿಮೀಟರ್ ಎತ್ತರ, ಅಷ್ಟೇ. ಅದಕ್ಕಿಂತ ಆಳದ ಹಿಮ ಬಿದ್ದರೆ ಹೊಟ್ಟೆ ಹಿಮದ ಮೇಲೆ ಕೂತು ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಆ ದಿನ ಮೆಟ್ರೋ. ಬೀದಿಯ ಹಿಮ ತೆಗೆಯುವ ಮೊದಲು ಕಿತ್ತಳೆ ಬಣ್ಣದ ಫಲಕ ನೆಡುತ್ತಾರೆ, ಆಮೇಲೆ ಟೋ ಲಾರಿ ಎರಡು ಸ್ವರದ ಸೈರನ್ ಹಾಕಿಕೊಂಡು ಬರುತ್ತದೆ. ಅದು ಕೇಳಿದರೆ ಚಪ್ಪಲಿಯಲ್ಲೇ ಆದರೂ ಓಡಿ ಕಾರು ತೆಗೆಯಿರಿ.

ಹೆಚ್ಚು ಅಪಾಯ ಮೈನಸ್ 20ರ ದಿನ ಇರುತ್ತದೆ ಎಂದುಕೊಳ್ಳಬೇಡಿ. ಆ ಚಳಿಯಲ್ಲಿ ಮಂಜುಗಡ್ಡೆ ಒಣಗಿರುತ್ತದೆ, ಟೈರು ಅಷ್ಟಿಷ್ಟು ಹಿಡಿಯುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಮಂಜುಗಡ್ಡೆಯ ಮೇಲೆ ನೀರಿನ ಪೊರೆ ಇರುತ್ತದೆ. ಮಳೆ ಬಿದ್ದ ಹಾಗೇ ಗಟ್ಟಿಯಾಗುವುದಕ್ಕೆ ಇಲ್ಲಿಯವರು ವೆರ್‌ಗ್ಲಾ ಎನ್ನುತ್ತಾರೆ. 1998ರ ಜನವರಿಯಲ್ಲಿ ಈ ಊರಿನ ಸುತ್ತಮುತ್ತ ವಿದ್ಯುತ್ ತಂತಿಗಳನ್ನು ಉರುಳಿಸಿದ್ದು ಅದೇ. ವೆರ್‌ಗ್ಲಾ ಎಂಬ ಮಾತು ರೇಡಿಯೋದಲ್ಲಿ ಕೇಳಿದರೆ ಕೀಲಿಯನ್ನು ಮೊಳೆಗೇ ಬಿಡಿ.

ಗೋಳಗುಮ್ಮಟ_17

ಎಲ್ಲರಿಗೂ ಕೃತಜ್ಞತೆ. ತಡವಾಗಿ ಬರೆಯುತ್ತಿದ್ದೇನೆ, ಇವತ್ತು ಡಿಸೆಂಬರ್ 10. ಕಾರು ಇಟ್ಟುಕೊಂಡೆ. 16 ಇಂಚಿನ ರಿಮ್, ನಾಲ್ಕೂ ಹೊಸ ಟೈರು, ಕಾರಿನ ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆ, ಎಲ್ಲ ಆಯಿತು. ಭಾನುವಾರ ಬೆಳಿಗ್ಗೆ ಪರಿಚಯದವರ ಗೋದಾಮಿನ ಖಾಲಿ ಅಂಗಳದಲ್ಲಿ ಅವರ ಒಪ್ಪಿಗೆ ಪಡೆದು ಒಂದು ಗಂಟೆ ಅಭ್ಯಾಸ ಮಾಡಿದೆ. ಮೊದಲ ಆರು ಸಲ ಕಾರು ಪೂರ್ತಿ ಸುತ್ತಿ ನಿಂತಿತು. ಏಳನೆಯ ಸಲ ಬಾಲ ಹೋಗುವ ಮುನ್ನವೇ ಸೊಂಟಕ್ಕೆ ಗೊತ್ತಾಯಿತು, ಅಕ್ಕ ಬರೆದ ಹಾಗೆಯೇ. ಕೈ ತಾನಾಗಿ ತಿರುಗಿತು.

ಒಂದು ಕೇಳುವುದು ಮರೆತಿದ್ದೆ: ಛಾವಣಿಯ ಬಟ್ಟೆಯ ಮೇಲಿನ ಹಿಮ ಗುಡಿಸಲು ಯಾವ ಬ್ರಷ್ ಬಳಸುತ್ತೀರಿ?

ಕೊಪ್ಪದ_ಹುಡುಗಿ

ಕೂದಲಿನ ಬ್ರಷ್ ಬೇಡ, ಸ್ಪಂಜಿನದು ತನ್ನಿ. ತಳ್ಳಿ, ಕೆರೆಯಬೇಡಿ. ಮೈನಸ್ ಚಳಿಯಲ್ಲಿ ಛಾವಣಿ ಮಡಚಬೇಡಿ, ಬಟ್ಟೆ ಬಿರಿಯುತ್ತದೆ. ಏಪ್ರಿಲ್‌ವರೆಗೆ ಕಾಯಿರಿ.