ಮರೆವು ಕಾಣಿಸಿಕೊಂಡಿರುವ ತಾಯಿಗೆ ವಿಟಮಿನ್ ಮಾತ್ರೆ ಕೊಡಬಹುದೇ?

ಪ್ರಶ್ನೆ (ಬಸವನಗುಡಿಯಿಂದ)

ನನ್ನ ತಾಯಿಯವರಿಗೆ 72 ವರ್ಷ, ಹುಟ್ಟಿನಿಂದ ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ; ಎದೆಯುರಿಗೆಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಕೂಡ ಇದೆ. ಈಚೆಗೆ ಒಗ್ಗರಣೆಗೆ ಸಾಸಿವೆ ಹಾಕಿದ ಮೇಲೂ ಮತ್ತೆ ಡಬ್ಬಿಗೆ ಕೈ ಹಾಕುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಪಾದಗಳು ಜೋಮು ಹಿಡಿಯುತ್ತವೆ ಎಂಬ ದೂರೂ ಇದೆ. ‘ನೆನಪಿನ ಶಕ್ತಿಗೆ’ ಎಂದು ಬರೆದಿರುವ ಮಲ್ಟಿವಿಟಮಿನ್ ಮಾತ್ರೆಗಳನ್ನು ಕೊಡುವಂತೆ ಬಂಧುಗಳೊಬ್ಬರು ಸಲಹೆ ನೀಡಿದ್ದಾರೆ. ಅವುಗಳನ್ನು ಆರಂಭಿಸಬಹುದೇ? ಆಹಾರದಲ್ಲೇ ಸರಿಪಡಿಸಲು ಸಾಧ್ಯವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ವೈದ್ಯ, ಮಲ್ಲೇಶ್ವರ)

ಮಾತ್ರೆಗಿಂತ ಮೊದಲು ರಕ್ತಪರೀಕ್ಷೆ ಆಗಬೇಕು. ನಿಮ್ಮ ತಾಯಿಯವರ ವಿಷಯದಲ್ಲಿ, ಮರೆವಿಗೂ ಕಾರಣವಾಗಬಲ್ಲ ವಿಟಮಿನ್ ಬಿ12 ಕೊರತೆಯನ್ನು ಶಂಕಿಸಲು ನಾಲ್ಕು ಕಾರಣಗಳು ಒಟ್ಟಿಗೆ ಸೇರಿವೆ: ವಯಸ್ಸು, ಸಸ್ಯಾಹಾರ, ಮೆಟ್‌ಫಾರ್ಮಿನ್ ಮತ್ತು ಆಮ್ಲ ತಗ್ಗಿಸುವ ಮಾತ್ರೆ. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದು ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ವಯಸ್ಸಾದಂತೆ ಅನೇಕರಲ್ಲಿ ಆ ಆಮ್ಲ ತಾನಾಗಿಯೇ ಕಡಿಮೆಯಾಗುತ್ತದೆ, ಪ್ಯಾಂಟೊಪ್ರಜೋಲ್ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ದೀರ್ಘಕಾಲ ಸೇವಿಸಿದಾಗ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೆಗೆ ಅಡ್ಡಿಯಾಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ, ಸದ್ದಿಲ್ಲದೆ ಹೊರಬೀಳುತ್ತದೆ.

ಪಾದದ ಜೋಮನ್ನು ಸಕ್ಕರೆ ಕಾಯಿಲೆಯದೆಂದು ಬದಿಗಿಡಬೇಡಿ, ಬಿ12 ಕೊರತೆಯಲ್ಲೂ ಅದೇ ಲಕ್ಷಣವಿರುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ನರಗಳಿಗೆ ಹಾನಿಯಾಗಿರಬಹುದು. ರಕ್ತದಲ್ಲಿ ಬಿ12 ಪ್ರಮಾಣವು ಪ್ರತಿ ಮಿಲಿಲೀಟರಿಗೆ 200 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಕೊರತೆಯೆಂದೇ ಎಣಿಸುತ್ತಾರೆ. 200ರಿಂದ 300ರ ನಡುವೆ ಬಂದರೆ, ಬಿ12 ಕಡಿಮೆಯಾದಾಗ ರಕ್ತದಲ್ಲಿ ಹೆಚ್ಚುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು. ಜೊತೆಯಲ್ಲೇ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಮನಸ್ಸಿನ ಖಿನ್ನತೆಯೂ, ಬಿದ್ದು ತಲೆಗೆ ಪೆಟ್ಟಾದುದೂ ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು, ಆದ್ದರಿಂದ ವೈದ್ಯರಿಗೆ ಎಲ್ಲವನ್ನೂ ಹೇಳಿ. ಇನ್ನೊಂದು ಬಿ ವಿಟಮಿನ್ ಆದ ಫೋಲಿಕ್ ಆಮ್ಲವನ್ನು ಮಾತ್ರ ಕೊಡುವುದು ಅಪಾಯಕರ. ಅದರಿಂದ ರಕ್ತಹೀನತೆ ಸರಿಹೋದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಉತ್ತರ 2 (ಆಹಾರತಜ್ಞೆ, ರಾಜಾಜಿನಗರ)

ಆಹಾರದ ಬಗ್ಗೆ ಕೇಳಿದ್ದೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ದಿನಕ್ಕೆ 2.2 ಮೈಕ್ರೊಗ್ರಾಂ ಬಿ12 ಬೇಕೆಂದು ಸೂಚಿಸಿತು. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೊಗ್ರಾಂ ಇರುತ್ತದೆ, ಮೊಸರಿನಲ್ಲೂ ಇದೆ. ಆದರೆ ನಮ್ಮ ಮನೆಗಳಲ್ಲಿ ಹಿರಿಯರ ಪಾಲಿಗೆ ಬರುವುದು ಅರ್ಧ ಲೋಟ ಕಾಫಿಯೊಳಗಿನ ನಾಲ್ಕು ಚಮಚ ಹಾಲು ಮತ್ತು ನೀರು ಬೆರೆಸಿದ ಮಜ್ಜಿಗೆ. ರಾಗಿ, ಸೊಪ್ಪು, ಬೇಳೆಗಳಲ್ಲಿ ಬಿ12 ಇಲ್ಲ. ಹುದುಗಿಸಿದ ಇಡ್ಲಿ ಹಿಟ್ಟನ್ನೂ ಸ್ಪಿರುಲಿನ ಎಂಬ ಪಾಚಿಯನ್ನೂ ಇದಕ್ಕಾಗಿ ನೆಚ್ಚಿಕೊಳ್ಳುವಂತಿಲ್ಲ.

ಫೋಲಿಕ್ ಆಮ್ಲದ ಸಹಜ ರೂಪವಾದ ಫೋಲೇಟ್ ವಿಷಯ ಬೇರೆ. ಅದು ದಂಟು, ಮೆಂತ್ಯ, ಪಾಲಕ್ ಸೊಪ್ಪುಗಳಲ್ಲಿ, ಅಲಸಂದೆ, ಹೆಸರುಕಾಳಿನಲ್ಲಿ ಧಾರಾಳವಾಗಿ ಸಿಗುತ್ತದೆ. ಬೇಯಿಸಿದಾಗ ಸಾಕಷ್ಟು ಪಾಲು ನೀರಿಗೆ ಇಳಿಯುತ್ತದೆ. ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು ಕಾಯಿಸುವ ನಮ್ಮ ಬಸ್ಸಾರು ಈ ದೃಷ್ಟಿಯಿಂದ ಅತ್ಯುತ್ತಮ ಅಡುಗೆ. ಇದನ್ನು ಓದುತ್ತಿರುವ ಇತರರಿಗೂ ಒಂದು ಮಾತು: ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕುಮರಾಲ್ ಸೇವಿಸುವವರು ವೈದ್ಯರನ್ನು ಕೇಳದೆ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು.

ಉತ್ತರ 3 (ವೈದ್ಯಕೀಯ ಸಂಶೋಧನೆಗಳ ಓದುಗ, ಯಲಹಂಕ)

ಮಲ್ಟಿವಿಟಮಿನ್ ಬಗ್ಗೆ ಬಂದ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಅಮೆರಿಕದಲ್ಲಿ 65 ದಾಟಿದ ಸುಮಾರು 6,000 ಪುರುಷ ವೈದ್ಯರ ಮೇಲೆ ದೀರ್ಘಕಾಲ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆನಪಿನ ಶಕ್ತಿಗೆ ಯಾವ ಲಾಭವೂ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ ಕಾಸ್ಮೋಸ್-ಮೈಂಡ್ ಪ್ರಯೋಗದಲ್ಲಿ ಮೂರು ವರ್ಷ ಸೇವಿಸಿದವರಿಗೆ ಅಲ್ಪ ಲಾಭ ಕಂಡಿತು. ಆಕ್ಸ್‌ಫರ್ಡಿನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೌಮ್ಯ ಮರೆವಿನ ಜೊತೆಗೆ ಹೋಮೋಸಿಸ್ಟೀನ್ ಹೆಚ್ಚಿದ್ದವರಿಗೆ ಬಿ6, ಬಿ12 ಮತ್ತು ಫೋಲಿಕ್ ಆಮ್ಲ ಕೊಟ್ಟಾಗ ಮಿದುಳು ಕುಗ್ಗುವ ವೇಗ ತಗ್ಗಿತು. ಇವುಗಳನ್ನು ಒಟ್ಟಿಗೆ ಓದಿದರೆ, ಕೊರತೆ ಇರುವವರಿಗೇ ವಿಟಮಿನ್‌ನಿಂದ ಹೆಚ್ಚು ಉಪಯೋಗ ಎಂದು ನನಗೆ ಅನ್ನಿಸುತ್ತದೆ. ಬಂಧುಗಳು ಹೇಳಿದ ಮಾತ್ರೆಗೆ ಹಣ ತೆರುವ ಮೊದಲು ತಾಯಿಯವರ ಕಿವಿ ಮತ್ತು ಕಣ್ಣನ್ನು ಪರೀಕ್ಷಿಸಿ. ಶ್ರವಣದೋಷ, ದೃಷ್ಟಿದೋಷಗಳೆರಡೂ ಡಿಮೆನ್ಷಿಯಾದ (ಮರೆಗುಳಿ ಕಾಯಿಲೆಯ) ಅಪಾಯ ಹೆಚ್ಚಿಸುವ, ಆದರೆ ತಡೆಯಬಹುದಾದ ಅಂಶಗಳೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಪಟ್ಟಿ ಮಾಡಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಈ ವಾರವೇ ರಕ್ತಪರೀಕ್ಷೆ ಮಾಡಿಸುತ್ತೇನೆ. ಕೊರತೆ ಇದ್ದರೆ ಇಂಜೆಕ್ಷನ್ನೇ ಬೇಕೇ? ಅಮ್ಮನಿಗೆ ಸೂಜಿಯೆಂದರೆ ತುಂಬ ಭಯ.

ಉತ್ತರ 1 (ಮತ್ತೆ)

ಎಲ್ಲರಿಗೂ ಇಂಜೆಕ್ಷನ್ ಬೇಕಾಗುವುದಿಲ್ಲ. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರದ ಕಾರಣ ಜಠರದ ಆಮ್ಲವನ್ನು ಕಾಯಬೇಕಿಲ್ಲ. ಹೀರಿಕೆಯ ಸಹಜ ದಾರಿ ಕೆಟ್ಟಿದ್ದರೂ 1,000 ಮೈಕ್ರೊಗ್ರಾಂ ಮಾತ್ರೆಯ ಸುಮಾರು ಶೇಕಡಾ 1ರಷ್ಟು ರಕ್ತಕ್ಕೆ ಸೇರುತ್ತದೆ, ದಿನದ ಅಗತ್ಯಕ್ಕೆ ಅದು ಸಾಕು. ಆದರೆ ಜೋಮು, ಮರೆವುಗಳಂಥ ನರದ ಲಕ್ಷಣಗಳಿದ್ದಾಗ ಆರಂಭದಲ್ಲಿ ಇಂಜೆಕ್ಷನ್ನನ್ನೇ ಕೊಡುವುದು ರೂಢಿ, ಏಕೆಂದರೆ ತಡವಾದಷ್ಟೂ ನರಗಳು ಪೂರ್ತಿ ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆ. ಮೆಟ್‌ಫಾರ್ಮಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ. ಬಿ12 ಸರಿಹೋದ ಮೇಲೂ ಮರೆವು ಮುಂದುವರಿದರೆ ನಿಮ್ಹಾನ್ಸ್‌ನಲ್ಲಿ ತೋರಿಸಿ. ಐಸಿಎಂಆರ್ ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳು ಕನ್ನಡದಲ್ಲೂ ಇರುವುದರಿಂದ ತಾಯಿಯವರು ತಮ್ಮ ಮಾತಿನಲ್ಲೇ ಉತ್ತರಿಸಬಹುದು. ರಕ್ತ ಕೊಡುವವರೆಗೆ ಮಾತ್ರ ಯಾವ ವಿಟಮಿನ್ ಮಾತ್ರೆಯನ್ನೂ ಕೊಡಬೇಡಿ, ಕೊಟ್ಟರೆ ವರದಿಯಲ್ಲಿ ಕೊರತೆ ಮರೆಯಾಗಿಬಿಡುತ್ತದೆ.