ಆಗಸ್ಟ್‌ನಲ್ಲಿ ಶ್ರೀಲಂಕಾ: ಪೂರ್ವದ ಕಡೆ ಹೋಗಿ

ಅತ್ತಿಗೆ, ಆಗಸ್ಟ್‌ನಲ್ಲಿ ಶ್ರೀಲಂಕಾಗೆ ಎಂಟು ದಿನ ಹೋಗ್ತೀವಿ, ಮಿರಿಸ್ಸಾದಲ್ಲಿ ತಿಮಿಂಗಿಲ, ಸಿಂಹರಾಜ ಕಾಡು ಎರಡೂ ಆಗುತ್ತಾ ಅಂತ ಕೇಳಿದ್ರಲ್ಲ. ದಯವಿಟ್ಟು ಆ ಕಡೆ ರೂಮ್ ಬುಕ್ ಮಾಡಬೇಡಿ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ದಕ್ಷಿಣ, ಪಶ್ಚಿಮದ ಕಡೆ ಮಳೆ ಸುರಿಸುತ್ತೆ. ಮಿರಿಸ್ಸಾ ಸಮುದ್ರ ಉಬ್ಬಿರುತ್ತೆ, ಸಿಂಹರಾಜದಲ್ಲಿ ಕಾಲಿಟ್ಟ ಕಡೆಯೆಲ್ಲ ಜಿಗಣೆ. ತಿಮಿಂಗಿಲಕ್ಕೆ ಅಲ್ಲಿ ನವೆಂಬರ್‌ನಿಂದ ಏಪ್ರಿಲ್ ಒಳ್ಳೇದು. ಮಧ್ಯದ ಬೆಟ್ಟಗಳು 2,524 ಮೀಟರ್‌ವರೆಗೆ ಎದ್ದಿರೋದ್ರಿಂದ ಮೋಡ ಅಲ್ಲೇ ಖಾಲಿಯಾಗಿ, ಪೂರ್ವದ ಕಡೆಗೆ ಒಣಗಾಳಿ ಇಳಿಯುತ್ತೆ. ಅದಕ್ಕೇ ಆಗಸ್ಟ್‌ನಲ್ಲಿ ಟ್ರಿಂಕೋಮಲಿ ಕಡೆ ಸಮುದ್ರ ಶಾಂತ.

ಹಾಗಾಗಿ ಮೂರು ರಾತ್ರಿ ಟ್ರಿಂಕೋಮಲಿ ಹತ್ತಿರದ ನಿಲಾವೆಲಿ ಬೀಚಲ್ಲಿ ಉಳೀರಿ. ಅಲ್ಲಿಂದ ದೋಣಿಯಲ್ಲಿ ಪಿಜನ್ ಐಲ್ಯಾಂಡ್ ಹತ್ತಿರ, ನೀರಲ್ಲಿ ಮುಖ ಇಟ್ಟು ಈಜ್ತಾ ಹವಳ, ಮೀನು ನೋಡೋ ಪುಟ್ಟ ದ್ವೀಪ ಅದು. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ, ಜನ ಜಾಸ್ತಿಯಾದ್ರೆ ನೀರು ಕಲಕಿ ಏನೂ ಕಾಣಲ್ಲ. ದಡದಲ್ಲೆಲ್ಲ ಹವಳದ ಚೂರು, ಬರಿಗಾಲಲ್ಲಿ ನಡೆದ್ರೆ ಪಾದ ಕೊಯ್ಯುತ್ತೆ, ನೀರಿಗೂ ಹಾಕ್ಕೊಳ್ಳೋ ಶೂ ಬೇಕು. ಮಕ್ಕಳಿಗೆ ತುಂಬುತೋಳಿನ ಈಜುಡುಗೆ ಹಾಕಿ. ಜೀವಂತ ಹವಳದ ಮೇಲೆ ಮಾತ್ರ ಯಾರೂ ನಿಲ್ಲಬಾರದು. ಒಂದು ಸಲ ಮುರಿದ್ರೆ ಮತ್ತೆ ಬೆಳೆಯೋಕೆ ವರ್ಷಗಳೇ ಬೇಕು. ಕರಿತುದಿ ರೆಕ್ಕೆಯ ಸಣ್ಣ ಶಾರ್ಕ್ ಕಂಡ್ರೆ ಹೆದರಬೇಡಿ, ಅಟ್ಟಿಸಿಕೊಂಡೂ ಹೋಗಬೇಡಿ.

ಆಮೇಲೆ ಎರಡು ರಾತ್ರಿ ಹಬರಣ, ಆನೆ ನೋಡೋ ಪಾರ್ಕ್‌ಗಳಿಗೆ ಹತ್ತಿರದ ಊರು. ಅಲ್ಲಿನ ಮಿನ್ನೇರಿಯ ಪಾರ್ಕ್‌ನ ಕೆರೆ ಮಹಾಸೇನ ರಾಜ 3ನೇ ಶತಮಾನದಲ್ಲಿ ಕಟ್ಟಿಸಿದ್ದು. ಅಲ್ಲಿ ಮಳೆಯಿಲ್ಲದ ಈ ತಿಂಗಳುಗಳಲ್ಲಿ ನೀರು ಇಳಿದಂತೆ ಕೆರೆಯಂಗಳದಲ್ಲಿ ಎಳೇಹುಲ್ಲು ಚಿಗುರುತ್ತೆ, ಆನೆಗಳು ಮರಿಗಳ ಸಮೇತ ಅಲ್ಲಿಗೆ ಇಳೀತವೆ. ಆದ್ರೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ರೆ ಕೆರೆ ತುಂಬೇ ಇರುತ್ತೆ, ಹುಲ್ಲೇ ಇಲ್ಲ, ಆನೆಗಳು ಪಕ್ಕದ ಕಾಡುಗಳಾದ ಕೌಡುಲ್ಲಕ್ಕೋ ಹುರುಲುವಿಗೋ ಹೋಗಿರ್ತವೆ. ಅದಕ್ಕೇ ಪಾರ್ಕ್ ಮೊದಲೇ ಗೊತ್ತು ಮಾಡ್ಕೋಬೇಡಿ. ಆವತ್ತು ಬೆಳಿಗ್ಗೆ ಜೀಪ್ ಡ್ರೈವರ್‌ಗಳನ್ನ ಕೇಳಿ, ನಿನ್ನೆ ಸಂಜೆ ಹಿಂಡು ಎಲ್ಲಿತ್ತು ಅಂತ. ಮೂರು ಗಂಟೆ ಹೊತ್ತಿಗೆ ಒಳಗಿರಿ. ಹಿಂಡಿನ ಸುತ್ತ ಜೀಪ್ ಮುತ್ತಿಗೆ ಹಾಕಿದ್ರೆ ಹಿಂದೆ ತಗೊಳ್ಳಿ ಅಂತ ನೀವೇ ಹೇಳಿ.

ಉಳಿದ ದಿನಕ್ಕೆ ಬೆಟ್ಟ. ಹಾರ್ಟನ್ ಪ್ಲೇನ್ಸ್ ಅನ್ನೋ ಹುಲ್ಲುಗಾವಲಿನ ಪಾರ್ಕ್ 2,000 ಮೀಟರ್‌ಗಿಂತ ಮೇಲಿದೆ, ನಡೆಯೋ ಸುತ್ತು ಸುಮಾರು 9 ಕಿಲೋಮೀಟರ್. ಆಗಸ್ಟ್‌ನಲ್ಲಿ ಅಲ್ಲಿ ಗಾಳಿ, ಜಿನುಗು ಮಳೆ ಇರುತ್ತೆ, ವರ್ಲ್ಡ್ಸ್ ಎಂಡ್ ಪ್ರಪಾತ ಕಾಣೋದು ಖಾತ್ರಿ ಇಲ್ಲ. ಮಂಜು ಒಂಬತ್ತು, ಹತ್ತಕ್ಕೆ ಮುಚ್ಚಿಬಿಡೋದ್ರಿಂದ ನುವಾರ ಎಲಿಯ ಪಟ್ಟಣದಿಂದ ಬೆಳಿಗ್ಗೆ ಐದು ಗಂಟೆಗೇ ಹೊರಡಿ. ಸ್ವೆಟರ್, ರೇನ್‌ಕೋಟ್, ಹಿಡಿತ ಇರೋ ಶೂ ಇರಲಿ. ಪ್ಲಾಸ್ಟಿಕ್ ಕವರ್ ಗೇಟಲ್ಲೇ ತೆಗೆಸ್ತಾರೆ, ತಿಂಡಿ ಡಬ್ಬಿಗೆ ಹಾಕ್ಕೊಳ್ಳಿ. ಅಪ್ಪಾಜಿಗೆ ಮಂಡಿನೋವು ಇದ್ರೆ ಈ ನಡಿಗೆ ಬೇಡ, ಪಟ್ಟಣದ ಹತ್ತಿರ ಹಕ್ಗಲ ಸಸ್ಯೋದ್ಯಾನ ಇದೆ, ಅಲ್ಲಿ ನಿಧಾನಕ್ಕೆ ಓಡಾಡಬಹುದು.