ಡೇಕೇರ್ ಶುಲ್ಕ ಕಳೆದರೆ ನನ್ನ ಸಂಬಳದಲ್ಲಿ ಉಳಿಯುವುದೆಷ್ಟು?

ಪ್ರಶ್ನೆ: ಮಗಳಿಗೆ ಹತ್ತು ತಿಂಗಳು. ನನ್ನ ಕೈಗೆ ಬರುವ ಸಂಬಳ 38,000 ರೂಪಾಯಿ. ಮನೆ ಹತ್ತಿರದ ಡೇಕೇರ್ ತಿಂಗಳಿಗೆ 15,000 ಕೇಳುತ್ತಿದೆ. ಓಡಾಟದ ಖರ್ಚನ್ನೂ ಕಳೆದರೆ ಉಳಿಯುವುದೇನು, ಮನೆಯಲ್ಲೇ ಇರು ಎನ್ನುತ್ತಾರೆ ಅತ್ತೆ. ತೆರಿಗೆಯಲ್ಲಾದರೂ ಏನಾದರೂ ಸಿಗುತ್ತದೆಯೇ? ಬೆಂಗಳೂರಿನಲ್ಲಿ ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಡೇಕೇರ್ ಶುಲ್ಕಕ್ಕೆ ಆದಾಯ ತೆರಿಗೆಯಲ್ಲಿ ಕಡಿತವಿಲ್ಲ. ಮುಂದೆ ನರ್ಸರಿಗೆ ಸೇರಿಸಿದಾಗ ಬೋಧನಾ ಶುಲ್ಕವನ್ನು ಕಡಿತಕ್ಕೆ ತೋರಿಸಬಹುದು, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಗಂಡ ಹೆಂಡತಿಯ ಆದಾಯವನ್ನು ಬೇರೆ ಬೇರೆಯಾಗಿ ನೋಡುವುದರಿಂದ ನಿಮ್ಮ ಗಂಡನ ಸಂಬಳ ಎಷ್ಟೇ ಇದ್ದರೂ ನಿಮಗೆ ಆ ಹೊರೆಯಿಲ್ಲ.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಮಗನಿಗೆ ಒಂದು ವರ್ಷವಾದಾಗ ನಿಮ್ಮಂತೆಯೇ ಲೆಕ್ಕ ಹಾಕಿ ರಾಜೀನಾಮೆ ಕೊಟ್ಟೆ. ಆಗ ನನ್ನ ಸೇವೆ ನಾಲ್ಕು ವರ್ಷ ಎರಡು ತಿಂಗಳು. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಹಣಕ್ಕೆ ಐದು ವರ್ಷ ತುಂಬಬೇಕಿತ್ತು, ಅದು ಕೈತಪ್ಪಿತು. ಕಂಪನಿ ಭವಿಷ್ಯನಿಧಿಗೆ ಹಾಕುತ್ತಿದ್ದ ಪಾಲು ನಿಂತಿತು. ಮೂರು ವರ್ಷದ ನಂತರ ಮತ್ತೆ ಕೆಲಸಕ್ಕೆ ಸೇರುವಾಗ ಹಳೆಯ ಸಂಬಳಕ್ಕಿಂತ 6,000 ಕಡಿಮೆಗೆ ಒಪ್ಪಿಕೊಂಡೆ. ಇಂದಿಗೂ ಅದು ನನ್ನನ್ನು ಕೊರೆಯುತ್ತದೆ. ಡೇಕೇರ್ ಶುಲ್ಕವನ್ನು ನಿಮ್ಮೊಬ್ಬರ ಸಂಬಳದಿಂದಲೇ ಏಕೆ ಕಳೆಯುತ್ತೀರಿ? ಮಗು ಇಬ್ಬರದು. ಇಬ್ಬರ ಸಂಬಳ ಕೂಡಿಸಿ, ಆಮೇಲೆ ಕಳೆಯಿರಿ.

ಇನ್ನೊಬ್ಬರು: ನಿಮ್ಮ ಕಚೇರಿಯಲ್ಲಿ ಎಷ್ಟು ಜನರಿದ್ದಾರೆ? 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಸೌಕರ್ಯ ಕಡ್ಡಾಯವೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನನ್ನ ಹೆಂಡತಿ ಬಾಯಿಮಾತಿನಲ್ಲಿ ಕೇಳಿದಾಗ ಯಾರೂ ಕಿವಿಗೊಡಲಿಲ್ಲ. ಪತ್ರ ಬರೆದು ಕೊಟ್ಟ ಎರಡು ತಿಂಗಳಲ್ಲಿ ಕಂಪನಿ ಪಕ್ಕದ ರಸ್ತೆಯ ಡೇಕೇರ್ ಜೊತೆ ಒಪ್ಪಂದ ಮಾಡಿಕೊಂಡು ಅರ್ಧ ಶುಲ್ಕ ಕಟ್ಟಲಾರಂಭಿಸಿತು. ಒಂದು ಮಾತು: ಮಗುವಿಗೆ ಜ್ವರ ಬಂದ ದಿನ ಡೇಕೇರ್‌ನಲ್ಲಿ ಬಿಟ್ಟುಕೊಳ್ಳುವುದಿಲ್ಲ, ಶುಲ್ಕವೂ ಕಡಿಮೆಯಾಗುವುದಿಲ್ಲ. ಮೊದಲ ಮಳೆಗಾಲಕ್ಕೆ ಇಬ್ಬರೂ ರಜೆ ಉಳಿಸಿಕೊಳ್ಳಿ.

ಮತ್ತೊಬ್ಬರು: ಹಳ್ಳಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ನನ್ನ ನಾದಿನಿ ಮಗುವನ್ನು ಪಂಚಾಯಿತಿಯ ಶಿಶುಪಾಲನಾ ಕೇಂದ್ರ 'ಕೂಸಿನ ಮನೆ'ಯಲ್ಲಿ ಬಿಡುತ್ತಾಳೆ. ಇಲ್ಲಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನಾನು ಎದುರು ಮನೆಯ ಅಜ್ಜಿಗೆ ತಿಂಗಳಿಗೆ 4,000 ಕೊಡುತ್ತೇನೆ. ಕೂಸಿನ ಮನೆಯಂಥದ್ದು ನಮ್ಮ ಬಡಾವಣೆಗೂ ಬೇಕು.

ಪ್ರಶ್ನೆ ಕೇಳಿದವರು: ನಮ್ಮ ಕಚೇರಿಯಲ್ಲಿ 70 ಜನರಿದ್ದೇವೆ. ಆ ಪತ್ರದಲ್ಲಿ ಏನೇನು ಬರೆದಿದ್ದರು ಎಂದು ತಿಳಿಸುತ್ತೀರಾ?